ಹೊರಗಿನ ಪಾದ್ರಿ

ಜನ ಸಂಕೋಚವಿಲ್ಲದೆ ತಮ್ಮ ಪಾಪ ಹೇಳಿಕೊಳ್ಳಲೆಂದು ಹಬ್ಬಕ್ಕೆ ಮುಂಚೆ ಹೊರಗಿನ ಪಾದ್ರಿಯನ್ನು ಕರೆಸುವುದು ಆ ಚರ್ಚಿನ ರೂಢಿ. ಫುಟ್‌ಬಾಲ್ ತಂಡದ ನಾಯಕ ಬಂದು ಮೊಣಕಾಲೂರಿದ. ನಡುವೆ ಮರದ ಜಾಲರಿಯಿತ್ತು.

"ನಿನ್ನೆ ಫೈನಲಲ್ಲಿ ಎದುರು ತಂಡದ ಗೋಲ್‌ಕೀಪರನ ಕೈ ಮೆಟ್ಟಿದೆ ಫಾದರ್. ಬೇಕೂಂತಲೇ. ಬೆರಳು ಮುರೀತು."

"ರೆಫರಿ ನೋಡ್ಲಿಲ್ವಾ?"

"ಇಲ್ಲ. ಅದಕ್ಕೇ ಇಲ್ಲಿಗೆ ಬಂದದ್ದು."

"ಅವನು ನಿಮಗೇನು ಮಾಡಿದ್ದ?" ಪಾದ್ರಿಯ ಸ್ವರ ಗಡುಸಾಯಿತು.

"ನನ್ನ ಒಂದು ಗೋಲನ್ನೂ ಬಿಡ್ಲಿಲ್ಲ. ಮೇಲಿಂದ ನಗು ಬೇರೆ! ನೀವು ಆಡಿದವರಲ್ಲ ಫಾದರ್, ನಿಮಗೆ ಆ ಸಿಟ್ಟು ಗೊತ್ತಾಗೂದಿಲ್ಲ."

"ಸಿಟ್ಟು ನನಗೆ ಚೆನ್ನಾಗಿ ಗೊತ್ತುಂಟು! ಪಶ್ಚಾತ್ತಾಪ ಉಂಟಾ, ಅದನ್ನು ಹೇಳಿ."

"ಉಂಟು ಫಾದರ್. ಅವನು ಕಿರುಚಿದ್ದು ಇನ್ನೂ ಕಿವಿಯಲ್ಲೇ ಉಂಟು."

ಜಾಲರಿಯಾಚೆಯಿಂದ ಹಲ್ಲು ಕಡಿದ ಸದ್ದು ಬಂತು.

"ಪಶ್ಚಾತ್ತಾಪಪಟ್ಟವನನ್ನು ದೇವರು ಕ್ಷಮಿಸ್ತಾನೆ. ಅದನ್ನು ನಾನು ತಡೀಲಿಕ್ಕಾಗೂದಿಲ್ಲ. ಆದರೆ ನನಗೆ ಸ್ವಲ್ಪ ಸಮಯ ಬೇಕು."

"ನಿಮಗ್ಯಾಕೆ ಫಾದರ್?"

ಆಶೀರ್ವದಿಸಲು ಜಾಲರಿಯಾಚೆ ಮೇಲೆದ್ದ ಬಲಗೈಗೆ ಮಣಿಕಟ್ಟಿನವರೆಗೂ ಹೊಸ ಪ್ಲಾಸ್ಟರ್ ಸುತ್ತಿತ್ತು.