ಏಳನೇ ಜೋಡಿ

ಮೇಷ್ಟ್ರ ಉತ್ತರ ಪತ್ರಿಕೆಯಲ್ಲಿ ಏಳನೇ ಜೋಡಿಯ ಮುಂದೆ "ಹೊಂದುವುದಿಲ್ಲ" ಎಂದು ಬರೆದಿದ್ದನ್ನು ನೋಡಿ ಪರೀಕ್ಷಾ ಕಾರ್ಯದರ್ಶಿ ಕನ್ನಡಕ ತೆಗೆದಳು. ಒರೆಸಿಕೊಂಡು ಮತ್ತೆ ನೋಡಿದಳು. ಪಾಪ, ಕನ್ನಡಕದ ತಪ್ಪೇನೂ ಇರಲಿಲ್ಲ. ಅವಳ ಡ್ರಾಯರಿನಲ್ಲಿ ಬೀಗ ಹಾಕಿಟ್ಟಿದ್ದ ಸರಿಯುತ್ತರದ ಹಾಳೆಯಲ್ಲಿ "ಹೊಂದುತ್ತದೆ" ಎಂದಿತ್ತು.

ರಾಷ್ಟ್ರೀಯ ವಿಧಿವಿಜ್ಞಾನ ಸಂಘ ವರ್ಷಕ್ಕೊಮ್ಮೆ ದೇಶದ ಬೆರಳಚ್ಚು ತಜ್ಞರಿಗೆಲ್ಲ ಹತ್ತು ಜೋಡಿ ಬೆರಳಚ್ಚು ಕಳಿಸುತ್ತದೆ. ಜೋಡಿಯ ಎರಡೂ ಒಂದೇ ಬೆರಳಿನವೋ ಅಲ್ಲವೋ ಹೇಳಬೇಕು. ಒಂದು ತಪ್ಪಿದರೂ ಪ್ರಮಾಣಪತ್ರ ಅಮಾನತು. ಮೇಷ್ಟ್ರು ಸಂಘದ ಅಧ್ಯಕ್ಷರಾದರೂ ಅವರಿಗೂ ಅದೇ ಕಾನೂನು. ಇವಳಿಗೆ ಭೂತಗನ್ನಡಿ ಹಿಡಿಯುವುದನ್ನು ಕಲಿಸಿದವರೇ ಅವರು. ಜೋಡಿಗಳನ್ನು ಆರಿಸುವ ಕೆಲಸ ಇವಳದು. ತೀರ್ಪು ಬಂದು ಮುಗಿದ ಹಳೆಯ ಕೇಸುಗಳಿಂದ, ಹೆಸರು ಅಳಿಸಿ ತೆಗೆದುಕೊಳ್ಳುತ್ತಿದ್ದಳು.

ಎಡವಟ್ಟಾಗಿದ್ದು ಅಲ್ಲೇ. ಏಳನೆಯದು ಹನ್ನೊಂದು ವರ್ಷದ ಹಿಂದಿನ ಒಂದು ಕೊಲೆ ಕೇಸಿನದು. ಕಿಟಕಿಯ ಗಾಜಿನ ಮೇಲಿದ್ದ ಅಚ್ಚು ಆರೋಪಿಯದೇ ಎಂದು ಆಗ ವರದಿ ಕೊಟ್ಟವರು ಇದೇ ಮೇಷ್ಟ್ರು. "ಪರಿಶೀಲಿಸಿದೆ" ಎಂದು ಕೆಳಗೆ ಎರಡನೇ ಸಹಿ ಹಾಕಿದವಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ಇವಳು. ಎರಡನೆಯವರಿಗೆ ಮೊದಲಿನವರ ಅಭಿಪ್ರಾಯ ಗೊತ್ತಿರಬಾರದು ಎಂದು ನಿಯಮವೇನೋ ಇದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಬೇರೆ ಸಾಕ್ಷಿಯೇ ಇಲ್ಲದ ಆ ಕೇಸಿನಲ್ಲಿ ಅದೊಂದು ಅಚ್ಚಿನ ಮೇಲೆ ಒಬ್ಬ ಬಡಗಿ ಜೈಲಿಗೆ ಹೋದ. ಇನ್ನೂ ಅಲ್ಲೇ ಇದ್ದಾನೆ.

ಹಾಳೆಯ ಪ್ರಕಾರ ತಿದ್ದಿದರೆ ಗುರುವಿನ ಪ್ರಮಾಣಪತ್ರ ಹೋಗುತ್ತದೆ. ಗುರು ಈಗ ಬರೆದದ್ದೇ ಸರಿಯಾದರೆ ಏನೂ ಮಾಡದವನೊಬ್ಬ ಹನ್ನೊಂದು ವರ್ಷದಿಂದ ಕೊಳೆಯುತ್ತಿದ್ದಾನೆ, ಅದರಲ್ಲಿ ಅವಳ ಸಹಿಯೂ ಇದೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆಯಿಂದ ಉಳಿದವರ ಲಕೋಟೆಗಳೂ ಬರತೊಡಗುತ್ತವೆ. "ಮುದ್ರಣ ಸರಿಯಿಲ್ಲದ ಕಾರಣ ಏಳನೇ ಜೋಡಿ ರದ್ದು" ಎಂದು ಸುತ್ತೋಲೆ ಕಳಿಸಿಬಿಟ್ಟರೆ ಯಾಕೆಂದು ಕೇಳುವವರಿಲ್ಲ. ಅದು ಯಾವ ಕೇಸಿನದೆಂದು ಅವಳೊಬ್ಬಳಿಗೇ ಗೊತ್ತು. ಎರಡು ಸಾಲು ಟೈಪೂ ಮಾಡಿದಳು. ಮೂರನೇ ಸಾಲಿಗೆ ಕೈ ಏಳಲಿಲ್ಲ. ಹಳೆಯ ಕಡತ ಎತ್ತಿಕೊಂಡು ಅಧ್ಯಕ್ಷರ ಕೋಣೆಗೆ ಹೋದಳು.

ಮೇಷ್ಟ್ರು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದರು.

"ಸರ್, ಏಳನೇದು..."

"ಭಲೇ ಜೋಡಿ ಕಣಮ್ಮಾ ಅದು! ಮೇಲ್ನೋಟಕ್ಕೆ ಅವಳಿ ಜವಳಿ. ಅರ್ಧ ಗಂಟೆ ನನ್ನ ಬೆವರಿಳಿಸ್ತು. ಅವಸರದಲ್ಲಿ ನೋಡೋನು ಹೊಂದುತ್ತೆ ಅಂತ ಬರೆದು ಹಳ್ಳಕ್ಕೆ ಬೀಳ್ತಾನೆ. ಎಲ್ಲಿ ಸಿಕ್ತು?"

"ಹಳೇ ಕೇಸು ಸರ್. ಕೋರ್ಟಲ್ಲಿ ಹೊಂದುತ್ತೆ ಅಂತಾನೇ ಹೇಳಿದ್ದಾರೆ."

"ಯಾವನವನು ಹೇಳಿದೋನು? ಅಂಥೋನ ಕೈಗೆ ಭೂತಗನ್ನಡಿ ಕೊಟ್ಟೋರು ಯಾರು?"

ಅವಳು ಕಡತವನ್ನು ಮೇಜಿನ ಮೇಲಿಟ್ಟು ಕೊನೆಯ ಪುಟ ತೆರೆದಳು. ಬಿಸ್ಕತ್ತು ಮುರಿದು ಚಹಾಕ್ಕೆ ಬಿದ್ದದ್ದು ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಎರಡೂ ಸಹಿಗಳನ್ನು ನೋಡಿದರು. ಆಮೇಲೆ ಭೂತಗನ್ನಡಿ ತೆಗೆದು ಅಚ್ಚುಗಳ ಮೇಲೆ ಬಾಗಿದರು. ಹೊರಗೆ ಯಾರೋ ಟಪಾಲಿಗೆ ಮೊಹರು ಒತ್ತುತ್ತಿದ್ದರು.

"ಆವತ್ತು ಪೊಲೀಸಿನವರು ಬಾಗಿಲಲ್ಲೇ 'ಇವನೇ ಸರ್, ಅನುಮಾನಾನೇ ಇಲ್ಲ' ಅಂದ್ರು," ಎಂದರು ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು. "ಅದನ್ನ ಕೇಳಿಸ್ಕೊಂಡೇ ನಾನು ನೋಡೋಕೆ ಕೂತಿದ್ದು. ನೀನು?"

"ನಾನು ನೋಡ್ಲೇ ಇಲ್ಲ ಸರ್." ಹೇಳಬಾರದೆಂದುಕೊಂಡಿದ್ದದ್ದು ಬಾಯಿಂದ ಹೊರಟೇಹೋಯಿತು. "ನೀವು ಹೊಂದುತ್ತೆ ಅಂದ್ರಿ. ನೀವು ಹೇಳಿದ ಮೇಲೆ ಇನ್ನೇನು ಅಂತ ಸಹಿ ಹಾಕ್ದೆ. ಪರೀಕ್ಷೆಗೆ ಆರಿಸುವಾಗ್ಲೂ ಅಷ್ಟೇ. ಮೇಷ್ಟ್ರು ನೋಡಿದ್ದು, ತಪ್ಪಿರಲ್ಲ ಅಂತ..."

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಈಗ ನಿಮಗೇನನ್ನಿಸ್ತಿದೆ ಸರ್?"

"ಹೇಳಲ್ಲ." ಭೂತಗನ್ನಡಿಯನ್ನು ಅವಳ ಕಡೆ ತಳ್ಳಿದರು. "ಆವತ್ತು ನಾನು ಬರೆದಿದ್ದು, ಈ ವಾರ ಬರೆದಿದ್ದು, ಎರಡನ್ನೂ ಮರೆತುಬಿಡು. ಕೂತ್ಕೊಂಡು ನೋಡು."

ಅವಳು ಕೂತಳು. ಮೊಣಕೈಗಳನ್ನು ಮೇಜಿಗೆ ಒತ್ತಿ ಹಿಡಿದಳು. ನಡುವಿನ ಸುಳಿಯಿಂದ ಶುರುಮಾಡಿ ಒಂದೊಂದೇ ಗೆರೆ ಎಣಿಸಿದಳು: ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ, ಇದರಲ್ಲಿರುವುದು ಅದರಲ್ಲೂ ಇದೆಯೇ. ಎರಡು ಸಲ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸಿದಳು. ಚಹಾ ಆರಿ ಕೆನೆಗಟ್ಟಿತು. ಕೊನೆಗೆ ಉತ್ತರ ಸಿಕ್ಕಿತು. ಬಾಯಿಬಿಡುವ ಮೊದಲು, ಇಷ್ಟು ವರ್ಷದ ಅಭ್ಯಾಸ, ಮೇಷ್ಟ್ರ ಮುಖ ನೋಡಲು ತಲೆ ಎತ್ತಿದಳು.

ಅವರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಅವಳಿಗೆ ಬೆನ್ನುಹಾಕಿ ಕೂತಿದ್ದರು.