ಶಿರಸಿ ರೂಟಿನ ಬಸ್ಸು

ಗುರುಸಿದ್ದಪ್ಪನವರು ಹುಬ್ಬಳ್ಳಿಯಲ್ಲಿ ಅರವತ್ತು ಬಸ್ಸುಗಳ ಒಡೆಯರು. ಒಬ್ಬಳೇ ಮಗಳು ಶೈಲಾ ಮಾತ್ರ ಅಪ್ಪನ ಕಂಪನಿ ಬೇಡವೆಂದು, ಬ್ಯಾಂಕಿನ ಸಾಲದಲ್ಲಿ ಎರಡು ಬಸ್ಸು ಕೊಂಡು ಶಿರಸಿಗೆ ಓಡಿಸತೊಡಗಿದಳು. ಜನ ಅವಳ ಬಸ್ಸಿಗೇ ಕಾಯುವಂತಾಯಿತು. ಅಷ್ಟರಲ್ಲಿ ಅವಳ ಪ್ರತಿ ಬಸ್ಸಿಗೂ ತುಸು ಮೊದಲು ಅಪ್ಪನ ಬಸ್ಸೊಂದು ಅರ್ಧ ದರಕ್ಕೆ ಹೊರಡಲಾರಂಭಿಸಿತು. ಅವಳ ಬಸ್ಸುಗಳು ಖಾಲಿ ಓಡಿದವು.

ಶೈಲಾ ಅಪ್ಪನ ಆಫೀಸಿಗೆ ನುಗ್ಗಿದಳು. ಮ್ಯಾನೇಜರ್ ಗಾಬರಿಯಿಂದ ಎದ್ದು ನಿಂತ.

"ಇದು ಯಾರ ಕೆಲಸ ಅಪ್ಪಾ?"

"ನಂದ."

"ಸ್ವಂತ ಮಗಳ ಹೊಟ್ಟಿ ಮ್ಯಾಲೆ ಹೊಡ್ಯಾಕ ನಾಚಿಕಿ ಬರಲಿಲ್ಲ?"

"ನನ್ನ ಮಗಳು ಬಸ್‌ಸ್ಟ್ಯಾಂಡಿನ್ಯಾಗ ನಿಂತು ಮಂದೀನ್ನ ಕೂಗಿ ಕರಿಯೂದು ನೋಡಿ ನನಗ ನಾಚಿಕಿ ಬಂತು! ಸಾಕು ಈ ಹಠ. ಇದೆಲ್ಲಾ ನಿಂದ ಐತಿ. ಬಂದು ಈ ಕುರ್ಚಿ ಮ್ಯಾಲೆ ಕೂಡು."

"ಕೂತರ ನನ್ನ ಮಾತು ನಡೀತೈತೇನು?"

"ಈ ಗಳಿಗಿಯಿಂದ ನಿನ್ನ ಮಾತ ಕಡೀ ಮಾತು. ನಾನೂ ದಾಟೂದಿಲ್ಲ. ಇಂವ ಸಾಕ್ಷಿ."

ಶೈಲಾ ಹೋಗಿ ಕೂತಳು. ಗುರುಸಿದ್ದಪ್ಪನವರ ಮುಖ ಅರಳಿತು. ಮ್ಯಾನೇಜರ್ ಪೇಡೆ ತರಿಸಲು ಹೊರಟ.

"ನಿಲ್ಲರಿ," ಎಂದಳು ಶೈಲಾ. "ಶಿರಸಿ ರೂಟಿನ ನಮ್ಮ ಬಸ್ಸೆಲ್ಲಾ ಇವತ್ತ ಬಂದ್ ಮಾಡ್ರಿ. ಇನ್ನ ಎಂದೂ ಆ ಕಡೆ ಹೋಗಬಾರದು."

ಅವನು ಯಜಮಾನರತ್ತ ನೋಡಿದ. ಅವರು ಹಲ್ಲು ಕಚ್ಚಿ ತಲೆಯಾಡಿಸಿದರು.

ಶೈಲಾ ಎದ್ದಳು. "ಕುರ್ಚಿ ನೀವ ಇಟ್ಕೋರಿ ಅಪ್ಪಾ. ನನ್ನ ಬಸ್ಸಿಗೆ ಹೊತ್ತಾತು."