ಒಂದು ಹಿಡಿ ಮರಳು

ವ್ಯಾಪಾರಿ ಒಣಮೀನನ್ನು ಮೂಗಿಗೆ ಹಿಡಿದು ಮುಖ ಸಿಂಡರಿಸಿದ. “ಒಂದು ಕಣ ಮರಳಿಲ್ಲ, ಒಂದು ನೊಣ ಇಲ್ಲ. ಏನು ಔಷಧಿ ಹೊಡೆದಿದ್ದೀಯ ತಂಗಿ?”

“ಅಯ್ಯೋ ಅಣ್ಣ, ಬರೀ ಬಿಸಿಲು!” ಸೊಸೆ ತಾನೇ ಬಿದಿರು ಕಟ್ಟಿ ಪ್ಲಾಸ್ಟಿಕ್ ಹೊದಿಸಿದ ಗುಡಾರ ತೋರಿಸಿದಳು. “ಅದರೊಳಗೆ ಒಣಗಿಸಿದ್ದು.”

“ನನ್ನ ಕಿವಿಗೇ ಹೂವಿಡ್ತೀಯಾ?” ಅವನು ಎದ್ದೇಬಿಟ್ಟ.

ಅತ್ತೆ ಹಿತ್ತಲಿಗೆ ಹೋದಳು. ಅಲ್ಲಿದ್ದ ಇನ್ನೊಂದು ಬುಟ್ಟಿಯ ಮೀನೂ ಗುಡಾರದ್ದೇ. ಅದರ ಮೇಲೆ ಒಂದು ಹಿಡಿ ಮರಳನ್ನು ಉಪ್ಪು ಉದುರಿಸುವ ಹಾಗೆ ಉದುರಿಸಿ ಹೊತ್ತು ತಂದಳು. “ಅವಳದ್ದು ಬಿಡಪ್ಪ. ಇದು ನಾನು ದಡದಲ್ಲಿ ಹರಡಿ ಒಣಗಿಸಿದ್ದು.” ಸೊಸೆ ತಲೆ ತಗ್ಗಿಸಿದಳು.

ಅವನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಹಲ್ಲಿನಡಿ ಕರಕರ ಎಂದಿತು. “ಹಾಂ, ಇದು ಅಸಲಿ ಬಿಸಿಲಿನ ಮಾಲು!” ಥೂ ಎಂದು ಉಗಿದು ತಕ್ಕಡಿ ಎತ್ತಿಕೊಂಡ. “ಆದ್ರೆ ಮರಳಿದೆಯಲ್ಲಮ್ಮ, ರೇಟು ಇಳಿಸ್ಬೇಕಾಗುತ್ತೆ.”